ಟ್ರೇಲರ್ ಕಟ್ಟಿಕೊಂಡು ಕಾಡಿಗೆ: ತೂಕ ಮೊದಲು, ನೀರು ಆಮೇಲೆ, ಕರೆಂಟ್ ಕೊನೆಗೆ

ಫೀನಿಕ್ಸ್‌ನಲ್ಲಿರುವ ನಮ್ಮಂಥವರಿಗೆ ಒಂದು ದೊಡ್ಡ ಅನುಕೂಲವಿದೆ. ಅರಿಜೋನಾದಲ್ಲಿ ಸರ್ಕಾರಿ ಜಮೀನು ಜಾಸ್ತಿ. ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್‌ನ ಮರುಭೂಮಿ ಇರಲಿ, ನ್ಯಾಷನಲ್ ಫಾರೆಸ್ಟ್‌ನ ಪೈನ್ ಕಾಡು ಇರಲಿ, ಬಹಳಷ್ಟು ಕಡೆ ದುಡ್ಡು ಕೊಡದೆ, ಬುಕಿಂಗ್ ಇಲ್ಲದೆ, ಸಾಮಾನ್ಯವಾಗಿ 14 ದಿನದವರೆಗೆ ತಂಗಬಹುದು. ಅಲ್ಲಿ ನಲ್ಲಿ ಇರುವುದಿಲ್ಲ, ಕರೆಂಟ್ ಇರುವುದಿಲ್ಲ, ಶೌಚಾಲಯವೂ ಇರುವುದಿಲ್ಲ. ಎಲ್ಲವನ್ನೂ ನಾವೇ ಹೊತ್ತುಕೊಂಡು ಹೋಗಬೇಕು. ಊರಿಂದ ಅಪ್ಪ ಅಮ್ಮ ಬಂದಾಗ ಅವರನ್ನು ಟೆಂಟ್‌ನಲ್ಲಿ ನೆಲದ ಮೇಲೆ ಮಲಗಿಸುವುದು ಹೇಗೆ ಎಂಬ ಯೋಚನೆಯಿಂದಲೇ ನಾವು ಪಿಕಪ್ ಹಿಂದೆ ಕಟ್ಟಿ ಎಳೆಯುವ, ಒಳಗೆ ಮಲಗಲು, ಅಡುಗೆಗೆ, ಶೌಚಕ್ಕೆ ಜಾಗವಿರುವ ಟ್ರೇಲರ್ ಕೊಂಡಿದ್ದು.

ಟ್ರೇಲರ್ ವಿಷಯ ಎತ್ತಿದರೆ ಸಾಕು, ಎಲ್ಲರೂ ಮೊದಲು ಕೇಳುವುದು ಸೋಲಾರ್ ಎಷ್ಟು ವ್ಯಾಟ್ ಅಂತ. ನನ್ನ ಪ್ರಕಾರ ಅದು ಮೂರನೇ ಪ್ರಶ್ನೆ. ಕರೆಂಟ್ ಸಾಲದಿದ್ದರೆ ಇನ್ನೊಂದು ಪ್ಯಾನೆಲ್ ತರಬಹುದು. ತೂಕ ಮೀರಿದರೆ ರಸ್ತೆಯಲ್ಲೇ ಅಪಾಯ. ನೀರು ಮುಗಿದರೆ ಗಂಟುಮೂಟೆ ಕಟ್ಟಬೇಕು.

ಪಿಕಪ್‌ನ ಬ್ರೋಷರ್‌ನಲ್ಲಿ 9,000 ಪೌಂಡ್ ಎಳೆಯುತ್ತದೆ ಅಂತ ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ಅದನ್ನು ನಂಬಿ ಟ್ರೇಲರ್ ಆರಿಸಬೇಡಿ. ಡ್ರೈವರ್ ಬಾಗಿಲು ತೆಗೆದರೆ ಚೌಕಟ್ಟಿನ ಮೇಲೆ ಒಂದು ಹಳದಿ-ಬಿಳಿ ಚೀಟಿ ಅಂಟಿಸಿರುತ್ತಾರೆ. ಜನ, ಸಾಮಾನು ಎಲ್ಲಾ ಸೇರಿ ಗಾಡಿಯ ಮೇಲೆ ಎಷ್ಟು ತೂಕ ಹಾಕಬಹುದು ಅನ್ನುವುದು ಅದರಲ್ಲಿದೆ. ನಮ್ಮದರಲ್ಲಿ 1,500 ಪೌಂಡ್. ಟ್ರೇಲರ್‌ನ ಒಟ್ಟು ತೂಕದಲ್ಲಿ ಶೇಕಡಾ 10ರಿಂದ 15ರಷ್ಟು ಹಿಚ್ ಮೇಲೆ, ಅಂದರೆ ಪಿಕಪ್‌ಗೆ ಟ್ರೇಲರ್ ಸೇರಿಸುವ ಕೊಂಡಿಯ ಮೇಲೆ, ಕೂರಬೇಕು. ಅದಕ್ಕಿಂತ ಕಡಿಮೆಯಾದರೆ ಹೈವೇಯಲ್ಲಿ ಟ್ರೇಲರ್ ಬಾಲ ಬೀಸಲು ಶುರುಮಾಡುತ್ತದೆ. ತುಂಬಿದಾಗ 5,600 ಪೌಂಡ್ ತೂಗುವ ಟ್ರೇಲರ್‌ಗೆ ಶೇಕಡಾ 13 ಅಂದರೆ 728 ಪೌಂಡ್. ಇದೂ ಪಿಕಪ್ ಹೊರುವ ಲೆಕ್ಕಕ್ಕೇ ಸೇರುತ್ತದೆ. ಹಿಚ್‌ನದ್ದೇ ತೂಕ ಸುಮಾರು 80. ನಾವು ನಾಲ್ಕು ಜನ ಸೇರಿ 550. ಕೂಡಿದರೆ 1,358. ಉಳಿದಿದ್ದು ಬರೀ 142 ಪೌಂಡ್! ಎಳೆಯುವ ಶಕ್ತಿ ಎಷ್ಟೋ ಮಿಕ್ಕಿರುವಾಗಲೇ ಹೊರುವ ಶಕ್ತಿ ಮುಗಿದಿರುತ್ತದೆ. ಅದಕ್ಕೇ ಅಪ್ಪ ಅಮ್ಮ ಬಂದಾಗ ಹೆಂಡತಿ ಅವರನ್ನು ಇನ್ನೊಂದು ಕಾರಿನಲ್ಲಿ ಕರೆತರುತ್ತಾಳೆ. ಆ ಎರಡನೇ ಕಾರು ಮುಂದೆ ತುಂಬಾ ಕೆಲಸಕ್ಕೆ ಬರುತ್ತದೆ.

ಈ ಲೆಕ್ಕ ಕಾಗದದ ಮೇಲೆ ಮಾಡಿದರೆ ಸಾಲದು. ಹೈವೇ ಪಕ್ಕದ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಅನ್ನುವ ಗಾಡಿ ತೂಗುವ ತಕ್ಕಡಿ ಇರುತ್ತದೆ. ಪಿಕಪ್‌ನ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೇಲರ್ ಆಕ್ಸಲ್, ಮೂರರ ತೂಕವನ್ನೂ ಬೇರೆ ಬೇರೆ ಕೊಡುತ್ತದೆ. ಟ್ರೇಲರ್ ಕಟ್ಟಿ ಒಮ್ಮೆ, ಬಿಚ್ಚಿ ಒಮ್ಮೆ ತೂಗಿ, ಪಿಕಪ್‌ನ ಕಟ್ಟಿದಾಗಿನ ಒಟ್ಟು ತೂಕದಿಂದ ಬಿಚ್ಚಿದಾಗಿನ ಒಟ್ಟು ತೂಕ ಕಳೆದರೆ ಹಿಚ್ ಮೇಲಿನ ಭಾರ ಗೊತ್ತಾಗುತ್ತದೆ. ಕಟ್ಟಿ ತೂಗುವಾಗ, ಭಾರವನ್ನು ಬೇರೆ ಆಕ್ಸಲ್‌ಗಳಿಗೂ ಹಂಚುವ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್‌ನ ಸರಳುಗಳನ್ನು ಬಿಗಿಯದೆ ಬಿಟ್ಟಿರಬೇಕು. ಹೊರಡುವ ದಿನ ಹೇಗೆ ತುಂಬುತ್ತೀರೋ ಹಾಗೇ ತುಂಬಿಕೊಂಡು ಹೋಗಿ, ನೀರೂ ಸೇರಿ.

ಟ್ರೇಲರ್ ಬ್ರೇಕ್ ಎಷ್ಟು ಜೋರಾಗಿ ಹಿಡಿಯಬೇಕು ಅನ್ನುವುದನ್ನು ನಿಯಂತ್ರಿಸುವ ಬ್ರೇಕ್ ಕಂಟ್ರೋಲರ್ ಹೊಂದಿಸಲು ನಾನು ಖಾಲಿ ಪಾರ್ಕಿಂಗ್ ಜಾಗಕ್ಕೆ ಹೋಗುತ್ತೇನೆ. 20–25 ಮೈಲಿ ವೇಗದಲ್ಲಿ ಅದರ ಲಿವರ್ ಕೈಯಿಂದ ಒತ್ತಿ ಟ್ರೇಲರ್ ಬ್ರೇಕ್ ಮಾತ್ರ ಹಾಕಿ ನೋಡುವುದು. ಯಾರೋ ಹಿಂದಿನಿಂದ ಗಟ್ಟಿಯಾಗಿ ಹಿಡಿದೆಳೆದ ಹಾಗೆ ಆಗಬೇಕು, ಆದರೆ ಚಕ್ರ ಲಾಕ್ ಆಗಬಾರದು. ಟ್ರೇಲರ್ ಅತ್ತಿತ್ತ ತೂಗಾಡಿದರೂ ಉಪಯೋಗಕ್ಕೆ ಬರುವುದು ಇದೇ ಲಿವರ್. ಸ್ಟಿಯರಿಂಗ್ ನೇರ ಹಿಡಿದು, ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಟ್ರೇಲರ್ ಬ್ರೇಕ್ ಮಾತ್ರ ಮೆಲ್ಲಗೆ ಒತ್ತಬೇಕು. ಗಾಬರಿಯಲ್ಲಿ ಪಿಕಪ್ ಬ್ರೇಕ್ ಜೋರಾಗಿ ಒತ್ತಬಾರದು.

ಫೀನಿಕ್ಸ್ ಇರುವುದು ಸುಮಾರು 330 ಮೀಟರ್ ಎತ್ತರದಲ್ಲಿ, ಫ್ಲ್ಯಾಗ್‌ಸ್ಟಾಫ್ 2,100 ಮೀಟರ್‌ನಲ್ಲಿ. ಐ-17 ಹೆದ್ದಾರಿ ಏರುವಾಗ ಎಂಜಿನ್ ಕೂಗಿಕೊಂಡರೂ ಪರವಾಗಿಲ್ಲ, ಬಲಗಡೆ ಲೇನ್‌ನಲ್ಲಿ ನಿಧಾನಕ್ಕೆ ಹೋಗುತ್ತೇನೆ. ನಿಜವಾದ ಪರೀಕ್ಷೆ ಇಳಿಯುವಾಗ. ಘಾಟಿ ಶುರುವಾಗುವ ಮೊದಲೇ ಕೆಳಗಿನ ಗೇರ್‌ಗೆ ಹಾಕಿಬಿಡಬೇಕು. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಅದು ಕಾದು ಹಿಡಿತ ಬಿಡುತ್ತದೆ. ಬೇರೆ ವೇಗ ನಮೂದಿಸಿಲ್ಲದ ಟ್ರೇಲರ್ ಟೈರ್‌ಗಳು 65 ಮೈಲಿ ವೇಗಕ್ಕೆ ಮಾಡಿದವು. ಮರುಭೂಮಿ ಬಿಸಿಲಿನಲ್ಲಿ ನಾನು 60 ದಾಟುವುದಿಲ್ಲ.

ಈಗ ನೀರು. ನಮ್ಮ ಟ್ಯಾಂಕ್ 40 ಗ್ಯಾಲನ್, ಅಂದರೆ 150 ಲೀಟರ್. ಅದರ ತೂಕವೇ 330 ಪೌಂಡ್. ಟ್ಯಾಂಕ್ ಆಕ್ಸಲ್‌ಗಿಂತ ಮುಂದಿದೆ, ತೊಳೆದ ನೀರು ಸೇರುವ ಗ್ರೇ ಟ್ಯಾಂಕ್ ಹಿಂದಿದೆ. ಹೀಗಾಗಿ ಕ್ಯಾಂಪಿಂಗ್ ಮುಗಿಸಿ ವಾಪಸ್ ಬರುವಾಗ ಭಾರ ಮುಂದಿನಿಂದ ಹಿಂದಕ್ಕೆ ಸರಿದಿರುತ್ತದೆ, ಹಿಚ್ ಹಗುರಾಗಿರುತ್ತದೆ. ಹೊರಡುವಾಗ ಸರಿಯಿದ್ದ ಗಾಡಿ ಬರುವಾಗ ತೂಗಾಡಬಹುದು. ಅದಕ್ಕೇ ವಾಪಸ್ ಬರುವಾಗ ಭಾರದ ಸಾಮಾನುಗಳನ್ನೆಲ್ಲ ಟ್ರೇಲರ್‌ನ ಮುಂಭಾಗಕ್ಕೆ ಜೋಡಿಸುತ್ತೇವೆ. ಇದನ್ನು ಬಹಳ ಜನ ಗಮನಿಸುವುದಿಲ್ಲ.

ನಮ್ಮ ಅಡುಗೆಗೆ ನೀರು ಜಾಸ್ತಿ ಬೇಕು, ಅಲ್ವಾ? ಸ್ಯಾಂಡ್‌ವಿಚ್ ತಿಂದು ತಟ್ಟೆ ಒರೆಸಿದರೆ ಮುಗಿಯಿತು. ಹುಳಿ ಮಾಡಿದ ಪಾತ್ರೆ, ಒಗ್ಗರಣೆ ಸೌಟು, ಮೊಸರನ್ನ ಕಲಸಿದ ಬೋಗುಣಿ ಹಾಗಲ್ಲ. ನಲ್ಲಿ ಬಿಟ್ಟು ತೊಳೆದರೆ ಒಂದು ರಾತ್ರಿಯ ಊಟದ ಪಾತ್ರೆಗೇ 15 ಲೀಟರ್ ಹೋಗುತ್ತದೆ. ಹೆಂಡತಿ ಕಂಡುಕೊಂಡ ಕ್ರಮ ಹೀಗಿದೆ. ಅಕ್ಕಿ ತೊಳೆದ ಅಕ್ಕಚ್ಚನ್ನು ಚೆಲ್ಲದೆ ಒಂದು ಬೋಗುಣಿಯಲ್ಲಿ ಇಡುವುದು. ಊಟವಾದ ತಕ್ಷಣ, ಎಣ್ಣೆ ಒಣಗುವ ಮೊದಲು, ಪಾತ್ರೆಗಳನ್ನು ಪೇಪರ್ ಟವೆಲ್‌ನಿಂದ ಒರೆಸುವುದು. ಆಮೇಲೆ ಅಕ್ಕಚ್ಚಿನಲ್ಲಿ ಮೊದಲ ಸಲ ತಿಕ್ಕಿದರೆ ಜಿಡ್ಡು ಅರ್ಧ ಬಿಡುತ್ತದೆ. ನಂತರ ಸೋಪು ಬೆರೆಸಿದ ಬಿಸಿನೀರನ್ನು ಸ್ಪ್ರೇ ಬಾಟಲಿಯಿಂದ ಸಿಂಪಡಿಸಿ ಉಜ್ಜಿ, ಕೊನೆಗೆ ಒಂದು ಲೋಟ ಶುದ್ಧ ನೀರು. 3 ಲೀಟರ್‌ನಲ್ಲಿ ಎಲ್ಲಾ ಪಾತ್ರೆ ಆಗುತ್ತದೆ. ಶೌಚಕ್ಕೆ ಚೊಂಬಿನ ಬದಲು ಹಿಂಡುವ ಬಾಟಲಿ ಇಟ್ಟಿದ್ದೇವೆ. ಆದರೆ ಶೌಚದ್ದು ಸೇರುವ ಬ್ಲ್ಯಾಕ್ ಟ್ಯಾಂಕ್‌ಗೆ ನೀರು ತೀರಾ ಕಡಿಮೆ ಮಾಡಬಾರದು, ಗಟ್ಟಿಯಾಗಿ ಕೂತುಬಿಡುತ್ತದೆ. ಇಷ್ಟೆಲ್ಲಾ ಮಾಡಿದರೂ ನೀರು ಸಾಲದಿದ್ದರೆ ಎರಡನೇ ಕಾರಿನಲ್ಲಿ 7 ಗ್ಯಾಲನ್‌ನ ಕ್ಯಾನ್‌ಗಳನ್ನು ಒಯ್ದು ಊರಿನಿಂದ ತುಂಬಿಸಿಕೊಂಡು ಬರುತ್ತೇವೆ. ಟ್ರೇಲರ್ ಇದ್ದ ಜಾಗದಲ್ಲೇ ಇರುತ್ತದೆ. ಗ್ರೇ ನೀರನ್ನು ನೆಲಕ್ಕೆ ಬಿಡುವುದಿಲ್ಲ, ಎರಡು ಟ್ಯಾಂಕನ್ನೂ ಕೊಳೆನೀರು ಸುರಿಯಲೆಂದೇ ಇರುವ ಡಂಪ್ ಸ್ಟೇಷನ್‌ನಲ್ಲೇ ಖಾಲಿ ಮಾಡುತ್ತೇವೆ.

ಇನ್ನು ಕರೆಂಟ್. 12 ವೋಲ್ಟ್‌ನ 100 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಎರಡು, ಅಂದರೆ ಸುಮಾರು ಎರಡೂವರೆ ಯೂನಿಟ್. ಫ್ರಿಜ್, ಲೈಟು, ನೀರಿನ ಪಂಪ್, ರಾತ್ರಿ ಒಳಗೆ ಬೆಚ್ಚಗಿಡುವ ಫರ್ನೇಸ್‌ನ ಫ್ಯಾನ್, ಇವಕ್ಕೆ ದಿನಕ್ಕೆ ಇದರ ಅರ್ಧ ಸಾಕು. ಮಿಕ್ಸಿ ನಡೆಯುತ್ತಾ ಅಂತ ಎಲ್ಲರೂ ಕೇಳುತ್ತಾರೆ. 110 ವೋಲ್ಟ್‌ನ 550 ವ್ಯಾಟ್ ಮಿಕ್ಸಿ 5 ನಿಮಿಷ ತಿರುಗಿದರೆ 50 ವ್ಯಾಟ್-ಅವರ್ ಕೂಡ ಆಗುವುದಿಲ್ಲ. ಚಟ್ನಿಗೆ ಯೋಚಿಸಬೇಕಾಗಿಲ್ಲ. ಆದರೆ ಪೂರ್ತಿ ಲೋಡ್‌ನಲ್ಲಿ 2,000 ವ್ಯಾಟ್ ಇನ್ವರ್ಟರ್ 12 ವೋಲ್ಟ್‌ನಲ್ಲಿ 160 ಆಂಪಿಯರ್‌ಗೂ ಜಾಸ್ತಿ ಎಳೆಯುತ್ತದೆ. ಕೇಬಲ್ ದಪ್ಪಗಿರಬೇಕು, ಗಿಡ್ಡಗಿರಬೇಕು, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇರಬೇಕು. ಇಲ್ಲಿ ದುಡ್ಡು ಉಳಿಸಬೇಡಿ, ಬೆಂಕಿಯ ವಿಷಯ.

ಎ.ಸಿ.ಗೆ ಬ್ಯಾಟರಿ ಕಟ್ಟುವ ಯೋಚನೆಯನ್ನು ನಾನು ಕೈಬಿಟ್ಟೆ. ಅದರ ಬದಲು ಎತ್ತರಕ್ಕೆ ಹೋಗುತ್ತೇವೆ. ಬೇಸಿಗೆಯಲ್ಲಿ ಫ್ಲ್ಯಾಗ್‌ಸ್ಟಾಫ್ ಫೀನಿಕ್ಸ್‌ಗಿಂತ ಹತ್ತು ಡಿಗ್ರಿಗೂ ಹೆಚ್ಚು ತಂಪು. ಚಳಿಗಾಲದಲ್ಲಿ ಕೆಳಗೆ, ಕ್ವಾರ್ಟ್ಸೈಟ್ ಕಡೆಯ ಮರುಭೂಮಿ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ನಡುಮಧ್ಯಾಹ್ನವೂ ಸೂರ್ಯ 33 ಡಿಗ್ರಿ ಮಾತ್ರ ಮೇಲಿರುತ್ತಾನೆ. ಚಾವಣಿ ಮೇಲೆ ಮಲಗಿರುವ 400 ವ್ಯಾಟ್ ಪ್ಯಾನೆಲ್ ಆಗ ಅರ್ಧದಷ್ಟು ಕೊಟ್ಟರೆ ಹೆಚ್ಚು. ಅದಕ್ಕೆ ಮಡಚುವ 200 ವ್ಯಾಟ್ ಪ್ಯಾನೆಲ್ ಒಂದನ್ನು ನೆಲದ ಮೇಲೆ ದಕ್ಷಿಣಕ್ಕೆ ಮುಖಮಾಡಿ ಓರೆಯಾಗಿ ನಿಲ್ಲಿಸುತ್ತೇವೆ. ಫ್ಲ್ಯಾಗ್‌ಸ್ಟಾಫ್‌ನಲ್ಲೂ ಅದೇ ಆಧಾರ. ಟ್ರೇಲರ್ ಪೈನ್ ನೆರಳಿನಲ್ಲಿ, ಪ್ಯಾನೆಲ್ ಬಿಸಿಲಿನಲ್ಲಿ.

ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು. ಹಳೆಯ ಸೀಸದ ಬ್ಯಾಟರಿ ಹೊರಗೆ, ಹಿಚ್ ಹತ್ತಿರ ಇತ್ತು. ಹೊಸದನ್ನು ಒಳಗೆ, ಊಟದ ಬೆಂಚಿನ ಕೆಳಗೆ ಇಟ್ಟೆ. ಹಿಚ್ ಮೇಲಿನ ಭಾರವೂ ಇಳಿಯಿತು. ಫ್ಲ್ಯಾಗ್‌ಸ್ಟಾಫ್‌ನ ಎತ್ತರದಲ್ಲಿ ನೀರು ಕುದಿಯುವುದೇ 93 ಡಿಗ್ರಿಗೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯಿಸಲು ಹೊರಟರೆ ಗ್ಯಾಸ್ ಸುಮ್ನೆ ಖರ್ಚು. ಕುಕ್ಕರ್ ಮರೆಯಬೇಡಿ.

ಕಾಡಿನ ಮಣ್ಣುರಸ್ತೆಗೆ ಟ್ರೇಲರ್ ಇಳಿಸುವ ಮೊದಲು ಎರಡನೇ ಕಾರಿನಲ್ಲಿ ಒಬ್ಬರು ಹೋಗಿ ನೋಡಿ ಬರಬೇಕು. ತಿರುಗಿಸಲು ಜಾಗ ಇದೆಯಾ ಅನ್ನುವುದೇ ಮುಖ್ಯ. ರಿವರ್ಸ್ ಮಾಡುವಾಗ ಕೈಯನ್ನು ಸ್ಟಿಯರಿಂಗ್‌ನ ಕೆಳಭಾಗದಲ್ಲಿ ಇಟ್ಟರೆ, ಕೈ ಹೋದ ಕಡೆಗೇ ಟ್ರೇಲರ್ ಹೋಗುತ್ತದೆ. ಎಡ ಬಲ ಅಂದರೆ ನನ್ನ ಎಡವೋ, ಹೊರಗೆ ನಿಂತು ದಾರಿ ಹೇಳುವ ಹೆಂಡತಿಯ ಎಡವೋ ಅಂತ ಗೊಂದಲ. ಅದಕ್ಕೆ ಫೋನ್‌ನಲ್ಲಿ, "ರೀ, ಡ್ರೈವರ್ ಕಡೆ ಸ್ವಲ್ಪ... ಇನ್ನೂ ಸ್ವಲ್ಪ... ನಿಲ್ಲಿಸಿ!" ಇಷ್ಟೇ ಮಾತು.

ನಿಲ್ಲಿಸಿದ ಮೇಲೆ ಅಡ್ಡಡ್ಡಕ್ಕೆ ಮಟ್ಟ ಮಾಡಿ, ಎರಡೂ ಕಡೆ ಚಕ್ರಕ್ಕೆ ಅಡೆ ಕೊಟ್ಟು, ಆಮೇಲೇ ಹಿಚ್ ಬಿಚ್ಚುವುದು. ಉದ್ದಕ್ಕೆ ಮಟ್ಟವನ್ನು ಮುಂದಿನ ಜ್ಯಾಕ್‌ನಿಂದ ಸರಿ ಮಾಡಿ, ಕೊನೆಗೆ ನಾಲ್ಕು ಮೂಲೆಯ ಕಾಲು ಇಳಿಸುತ್ತೇವೆ. ಮೇ, ಜೂನ್‌ನಲ್ಲಿ ಕಾಡು ಒಣಗಿರುವಾಗ ಸೌದೆ ಬೆಂಕಿಗೆ ಸಾಮಾನ್ಯವಾಗಿ ನಿಷೇಧ ಇರುತ್ತದೆ. ಆರಿಸುವ ವಾಲ್ವ್ ಇರುವ ಗ್ಯಾಸ್ ಒಲೆಗೆ ಬಹುತೇಕ ಅವಕಾಶ ಕೊಡುತ್ತಾರೆ, ಆದರೂ ಹೊರಡುವ ಹಿಂದಿನ ದಿನ ಆ ಕಾಡಿನ ರೇಂಜರ್ ಕಚೇರಿಗೆ ಫೋನ್ ಮಾಡಿ ಕೇಳಿಕೊಳ್ಳಿ.