ಸ್ಪೇಸ್ ರಾಕ್ ಆಲ್ಬಂ ಒಂದನ್ನು ಬುಡದಿಂದ ಕೇಳುವುದು ಹೇಗೆ

ಮಂಡ್ಯದಲ್ಲಿ ನನ್ನದು ಮೈಕ್‌ಸೆಟ್ ಅಂಗಡಿ. ಗಣೇಶನ ಪೆಂಡಾಲು, ಮದುವೆ ಆರ್ಕೆಸ್ಟ್ರಾ, ಹಳ್ಳಿಗಳ ಕುರುಕ್ಷೇತ್ರ ನಾಟಕ ಎಲ್ಲಕ್ಕೂ ಸೌಂಡ್ ಕೊಡುತ್ತೇವೆ. ರಿಪೇರಿಯಾದ ಸ್ಪೀಕರ್ ಬಾಕ್ಸ್‌ಗಳನ್ನು ಟೆಸ್ಟ್ ಮಾಡುವಾಗ ನಾನು ಹಾಕುವುದು ಸ್ಪೇಸ್ ರಾಕ್, ಅಂದರೆ ಬಾನಿನಲ್ಲಿ ತೇಲಿದಂತೆ ಅನ್ನಿಸುವ ರಾಕ್ ಸಂಗೀತ ನುಡಿಸುವ, ಇಂಗ್ಲೆಂಡಿನ ಓಜ್ರಿಕ್ ಟೆಂಟಕಲ್ಸ್ ತಂಡದ ‘ಅರ್ಪ್‌ಲ್ಯಾಂಡ್’ ಆಲ್ಬಂ. ಐದು ನಿಮಿಷ ಆಗುತ್ತಿದ್ದ ಹಾಗೆ ನಮ್ಮ ಹುಡುಗರು ಕೇಳುತ್ತಾರೆ, “ಅಣ್ಣಾ, ಹಾಡು ಯಾವಾಗ ಸ್ಟಾರ್ಟ್ ಆಗುತ್ತೆ?”

ಹಾಡು ಆಗಲೇ ಸ್ಟಾರ್ಟ್ ಆಗಿದೆ. ಹಾಡುವವರು ಇಲ್ಲ, ಅಷ್ಟೇ. ಪಲ್ಲವಿ ಚರಣಕ್ಕೆ ಕಾಯುತ್ತಾ ಕೂತರೆ ಈ ಸಂಗೀತ ಯಾವತ್ತೂ ಕೈಗೆ ಸಿಗುವುದಿಲ್ಲ. ನಾನು ಹೇಳುವುದು ಒಂದೇ ಮಾತು: ಬುಡದಿಂದ ಕೇಳಿ. ಮೊದಲು ಬೇಸ್, ಅಂದರೆ ತಗ್ಗು ಸ್ವರದ ಗಿಟಾರ್, ಆಮೇಲೆ ಎಕೋ, ಆಮೇಲೆ ಸ್ವರ. ಗಿಟಾರ್ ಕೊನೆಗೆ. ಎಲ್ಲರೂ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಮೊದಲೇ ಗಿಟಾರ್ ಹಿಂದೆ ಓಡಿ, ಸುಸ್ತಾಗಿ, ಬಿಟ್ಟುಬಿಡುತ್ತಾರೆ.

ತಂಡದ ಬಗ್ಗೆ ಒಂದಿಷ್ಟು. 1983ರಲ್ಲಿ ಪುರಾತನ ಕಲ್ಲುಗಳ ಸ್ಮಾರಕ ಸ್ಟೋನ್‌ಹೆಂಜ್ ಹತ್ತಿರ ನಡೆದ ಉಚಿತ ಸಂಗೀತ ಉತ್ಸವದಲ್ಲಿ ಇವರು ಒಟ್ಟು ಸೇರಿದರು. ಈ ಆಲ್ಬಂನಲ್ಲಿ ಎಡ್ ವಿನ್ ಗಿಟಾರ್, ಅವರ ಒಡಹುಟ್ಟಿದ ರೋಲಿ ಬೇಸ್, ಜೋಯಿ ಹಿಂಟನ್ ಸಿಂಥ್ (ಕರೆಂಟಿನಿಂದ ಸ್ವರ ಹುಟ್ಟಿಸುವ ಕೀಬೋರ್ಡ್), ಮರ್ವ್ ಪೆಪ್ಲರ್ ಡ್ರಮ್ಸ್, ಜಾನ್ ಈಗನ್ ಕೊಳಲು. 80ರ ದಶಕದಲ್ಲಿ ಕ್ಯಾಸೆಟ್‌ಗಳನ್ನು ತಾವೇ ಮಾಡಿ ಮಾರುತ್ತಿದ್ದರು. ‘ಅರ್ಪ್‌ಲ್ಯಾಂಡ್’ ಬಂದಿದ್ದು 1990ರಲ್ಲಿ. 12 ತುಣುಕುಗಳು, 70 ನಿಮಿಷಕ್ಕಿಂತ ಜಾಸ್ತಿ.

ಇಂಥ ಸಂಗೀತಕ್ಕೆ ಸೈಕೆಡೆಲಿಕ್, ಅಂದರೆ ಅಮಲೇರಿದಂಥ ಅನುಭವ ಕೊಡುವಂಥದ್ದು, ಅಂತಲೂ ಹೆಸರಿದೆ. ಹಾಗೆ ಅಂದ ಕೂಡಲೇ “ಇದನ್ನ ಕೇಳೋಕೆ ಏನಾದ್ರೂ ಹಾಕ್ಕೊಂಡಿರಬೇಕು” ಅನ್ನುವವರು ಸಿಗುತ್ತಾರೆ. ಏನೂ ಬೇಡ. ನಿದ್ದೆ ಆಗಿರಬೇಕು, ಹೊಟ್ಟೆ ತುಂಬಿರಬೇಕು, ಮುಕ್ಕಾಲು ಗಂಟೆ ಯಾರೂ ಕರೆಯಬಾರದು. ಒಂದೇ ಸಲಕ್ಕೆ 70 ನಿಮಿಷವೂ ಕೇಳಬೇಕು ಅಂತೇನಿಲ್ಲ. ಒಂದು ದಿನಕ್ಕೆ ಐದು ತುಣುಕು ಧಾರಾಳವಾಯಿತು.

ಇನ್ನು ಸಾಮಾನು. ಫೋನಿನ ಸ್ಪೀಕರ್‌ನಲ್ಲಿ ದಯವಿಟ್ಟು ಕೇಳಬೇಡಿ. ಬೇಸ್ ಗಿಟಾರಿನ ದಪ್ಪ ತಂತಿಯ ಸ್ವರ 41 ಹರ್ಟ್ಸ್. ಫೋನಿನ ಪುಟಾಣಿ ಸ್ಪೀಕರ್‌ಗೆ ಅದರ ಹತ್ತಿರಕ್ಕೂ ಹೋಗಲು ಆಗುವುದಿಲ್ಲ. ಅಲ್ಲಿಗೆ ಅರ್ಧ ಆಲ್ಬಂ ಹೋಯಿತು ಅಂತಲೇ ಲೆಕ್ಕ. ಕಿವಿ ಪೂರ್ತಿ ಮುಚ್ಚುವ ವೈರ್ ಇರುವ ಹೆಡ್‌ಫೋನ್ ಸಾಕು. ಮನೆಯಲ್ಲಿ ಎರಡು ಬಾಕ್ಸ್ ಇದ್ದರೆ ಇನ್ನೂ ಒಳ್ಳೆಯದು. ಎರಡನ್ನೂ ಕಿವಿಯ ಎತ್ತರಕ್ಕೆ ಇಡಿ. ಬಾಕ್ಸ್‌ನಿಂದ ಬಾಕ್ಸ್‌ಗೆ ಎಷ್ಟು ದೂರವೋ, ನೀವು ಕೂರುವ ಜಾಗವೂ ಎರಡರಿಂದಲೂ ಅಷ್ಟೇ ದೂರ ಇರಲಿ. ಗೋಡೆಯ ಮೂಲೆಗೆ ತಳ್ಳಬೇಡಿ. ಮೂಲೆಯಲ್ಲಿಟ್ಟರೆ ಬೇಸ್ ಊದಿಕೊಂಡು ಎಲ್ಲ ಸ್ವರವೂ ‘ಗುಂ’ ಅಂತ ಒಂದೇ ಥರ ಕೇಳುತ್ತದೆ. ಫೋನಿನಲ್ಲಿರುವ ಬೇಸ್ ಬೂಸ್ಟ್ ಆಫ್ ಮಾಡಿ, ಶಫಲ್ ಆಫ್ ಮಾಡಿ. ಮಧ್ಯೆ ಜಾಹೀರಾತು ಬರುವ ಕಡೆಯಲ್ಲಂತೂ ಕೇಳಲೇಬೇಡಿ. ವಾಲ್ಯೂಮ್ ಎಷ್ಟಿರಬೇಕು? ಪಕ್ಕದಲ್ಲಿ ಕೂತವರು ಮಾಮೂಲಿ ದನಿಯಲ್ಲಿ ಕರೆದರೆ ನಿಮಗೆ ಕೇಳಿಸಬೇಕು, ಅಷ್ಟು. ದಿನವಿಡೀ ಜೋರು ಸೌಂಡಿನ ಮಧ್ಯೆ ಬದುಕುವವನು ಹೇಳುತ್ತಿದ್ದೇನೆ, ಕಿವಿ ಒಂದು ಸಲ ಹೋದರೆ ವಾಪಸ್ ಬರುವುದಿಲ್ಲ.

ಈಗ ಕೇಳೋಣ. ಮೊದಲಿಂದ ಶುರು ಮಾಡಬೇಡಿ. ಹನ್ನೊಂದನೇ ತುಣುಕು ‘ಇಸೆನ್ಸ್’ ಹಾಕಿ. ಇದು ಜಮೈಕಾದ ರೆಗ್ಗೆ ಸಂಗೀತದ ನಡೆಯದು, ಬೇಸ್ ಹಿಡಿಯಲು ಸುಲಭ. ಬಾಕ್ಸ್ ಇದ್ದರೆ ಅದರ ಮೇಲೆ ಅಂಗೈ ಇಡಿ. ಬೇಸ್ ಬಂದಾಗೆಲ್ಲ ಮರ ಅದುರುವುದು ಕೈಗೆ ಗೊತ್ತಾಗುತ್ತದೆ. ಎಲ್ಲಿ ಅದುರುತ್ತದೆ, ಎಲ್ಲಿ ಸುಮ್ಮನಾಗುತ್ತದೆ ಅನ್ನುವುದನ್ನು ಮಾತ್ರ ಗಮನಿಸಿ. ಮೇಲೆ ಸಿಂಥ್, ಕೊಳಲು, ಗಿಟಾರ್ ಏನು ಬೇಕಾದರೂ ಮಾಡಿಕೊಳ್ಳಲಿ. ಸ್ವಲ್ಪ ಹೊತ್ತಿಗೆ ಬೇಸಿನ ವರಸೆ ಬಾಯಿಗೆ ಬರುತ್ತದೆ. ಗುನುಗಲು ಶುರು ಮಾಡಿದಿರಿ ಅಂದರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ಆಮೇಲೆ ಏಳನೆಯದು ‘ದ ತ್ರಾಬ್’ ಕೇಳಿ, ಅಲ್ಲೂ ಬೇಸನ್ನೇ ಹಿಡಿಯಿರಿ.

ಈ ಬೇಸ್ ಎಲ್ಲಿಂದ ಬಂತು ಅನ್ನುವುದು ನನಗೆ ತುಂಬ ಇಷ್ಟದ ಕತೆ. ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಕಿಂಗ್ ಟಬ್ಬಿ ಅಂತ ಒಬ್ಬರಿದ್ದರು. ರೇಡಿಯೋ ರಿಪೇರಿ ಮಾಡುತ್ತಿದ್ದರು, ಆಂಪ್ಲಿಫೈಯರ್ ಕಟ್ಟುತ್ತಿದ್ದರು, ಬೀದಿಯ ಕುಣಿತಕ್ಕೆ ತಮ್ಮದೇ ಸೌಂಡ್ ಸಿಸ್ಟಂ ಹಾಕುತ್ತಿದ್ದರು. ಅಂದರೆ ನಮ್ಮ ಕಸುಬಿನವರೇ. 70ರ ದಶಕದಲ್ಲಿ ಅವರು ರೆಕಾರ್ಡ್ ಆದ ಹಾಡಿನಿಂದ ದನಿಯನ್ನು ತೆಗೆದು, ಡ್ರಮ್ಸ್ ಮತ್ತು ಬೇಸ್ ಮಾತ್ರ ಉಳಿಸಿ, ಅಲ್ಲೊಂದು ಇಲ್ಲೊಂದು ತುಂಡಿಗೆ ಎಕೋ ಕೊಟ್ಟು ಬಿಟ್ಟರು. ಅದಕ್ಕೆ ಡಬ್ ಅಂತ ಹೆಸರಾಯಿತು. ಮಿಕ್ಸರ್ ಮುಂದೆ ಕೂತವನೂ ಕಲಾವಿದನೇ ಅಂತ ಲೋಕ ಒಪ್ಪಿದ್ದಕ್ಕೆ ಅವರದು ದೊಡ್ಡ ಪಾಲಿದೆ. ಓಜ್ರಿಕ್ ತಂಡದವರು ರಾಕ್ ಸಂಗೀತದ ಕೆಳಗೆ ಹಾಸಿರುವುದು ಈ ಡಬ್ಬನ್ನೇ.

ಎರಡನೆಯದು ಎಕೋ. ಈ ಸಂಗೀತದಲ್ಲಿ ‘ಸ್ಪೇಸ್’ ಅಂತ ಏನಿದೆಯೋ ಅದು ಬಹುಪಾಲು ಎಕೋ ಮತ್ತು ರಿವರ್ಬಿನ (ದೊಡ್ಡ ಹಾಲಿನಲ್ಲಿ ಸದ್ದು ಗುಂಯ್‌ಗುಡುವ ಹಾಗೆ ಮಾಡುವುದು) ಕೆಲಸ. 17 ಮೀಟರ್ ದೂರದ ಗೋಡೆಗೆ ಎದುರಾಗಿ ನಿಂತು ಒಂದು ಚಪ್ಪಾಳೆ ಹೊಡೆಯಿರಿ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಹೋಗಿ ಬರಲು 34 ಮೀಟರ್, ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗ ಕಳೆದ ಮೇಲೆ ಚಪ್ಪಾಳೆ ನಿಮಗೆ ವಾಪಸ್ ಕೇಳುತ್ತದೆ. ಗೋಡೆ ಎಷ್ಟು ದೂರ ಅಂತ ಕಿವಿ ಇದರಿಂದ ಅಂದಾಜು ಮಾಡುತ್ತದೆ. ಗಿಟಾರಿಗೆ ಅರ್ಧ ಸೆಕೆಂಡಿನ ಎಕೋ ಕೊಟ್ಟರೆ 85 ಮೀಟರ್ ಆಚೆ ಗೋಡೆ ಇದೆ ಅಂತ ಕಿವಿ ನಂಬುತ್ತದೆ. ಹತ್ತು ಅಡಿ ಕೋಣೆಯಲ್ಲಿ ಕೂತವರಿಗೆ ಬಯಲು ಕಾಣುವುದು ಹಾಗೆ.

ಹಿಂದೆ ಇದನ್ನು ಟೇಪಿನಲ್ಲಿ ಮಾಡುತ್ತಿದ್ದರು. ರೋಲ್ಯಾಂಡ್ ಕಂಪನಿ 1974ರಲ್ಲಿ ತಂದ ಯಂತ್ರದ ಹೆಸರೇ ‘ಸ್ಪೇಸ್ ಎಕೋ’. ಒಳಗೆ ಟೇಪಿನ ಸುತ್ತು ಓಡುತ್ತಿರುತ್ತದೆ. ಒಂದು ಹೆಡ್ ಬರೆಯುತ್ತದೆ, ಮುಂದಿರುವ ಮೂರು ಹೆಡ್‌ಗಳು ಒಂದಾದ ಮೇಲೊಂದು ಓದುತ್ತವೆ. ಓದಿದ್ದನ್ನು ಮತ್ತೆ ಬರೆಯುವ ಹೆಡ್ಡಿಗೇ ಕಳಿಸಿದರೆ ಎಕೋಗೂ ಎಕೋ. ಪ್ರತಿ ಸುತ್ತಿಗೂ ಸ್ವರದ ಅಂಚು ಒಂದಿಷ್ಟು ಸವೆಯುತ್ತದೆ, ಹಾಗಾಗಿ ಅದು ದೂರ ಹೋಗುತ್ತಿದೆ ಅನ್ನಿಸುತ್ತದೆ.

ನಮ್ಮ ಕಡೆಯ ನಾಟಕದಲ್ಲಿ ಕೃಷ್ಣನ ಪಾತ್ರ ಬರುವ ಹೊತ್ತಿಗೆ ಹಾರ್ಮೋನಿಯಂ ಮೇಷ್ಟ್ರು ಪಕ್ಕಕ್ಕೆ ತಿರುಗಿ “ಒಸಿ ಎಕೋ ಕೊಡು ಕಣಪ್ಪಾ” ಅನ್ನುತ್ತಾರೆ. ಆಗ ನನ್ನ ಬೆರಳು ಎಕೋ ನಾಬಿನ ಮೇಲೆ ಕೂದಲೆಳೆಯಷ್ಟು ಮಾತ್ರ ತಿರುಗಬೇಕು. ಕಂದ ಪದ್ಯದ ಒಂದು ಪದದ ಬಾಲ ಇನ್ನೊಂದು ಪದದ ಮೇಲೆ ಬಿದ್ದರೆ ಮಾತು ಕಲಸಿಹೋಗುತ್ತದೆ. ಆಲಾಪ ಬಂದಾಗ ಮಾತ್ರ ಇನ್ನೂ ಸ್ವಲ್ಪ ಬಿಡಬಹುದು. ಈ ಆಲ್ಬಂನಲ್ಲಿ ಮಾತೇ ಇಲ್ಲ, ಆದ್ದರಿಂದ ಧಾರಾಳವಾಗಿ ಬಿಟ್ಟಿದ್ದಾರೆ. ಆದರೂ ಲೆಕ್ಕ ತಪ್ಪಿಲ್ಲ. ನಾಲ್ಕನೆಯ ತುಣುಕು ‘ಸನ್‌ಸ್ಕೇಪ್’ ಕೇಳುವಾಗ ಒಂದು ಸ್ವರ ಹಿಡಿದು, ಅದರ ಬಾಲ ಎಲ್ಲಿಯವರೆಗೆ ಹೋಗುತ್ತದೆ ಅಂತ ಹಿಂಬಾಲಿಸಿ. ಎಡಗಿವಿಯಲ್ಲಿ ಹುಟ್ಟಿದ್ದು ಬಲಗಿವಿಗೆ ಹೋಗಿ ಸಾಯುತ್ತದಾ, ಡ್ರಮ್ಸಿನ ಪೆಟ್ಟಿಗೆ ಸರಿಯಾಗಿ ಬೀಳುತ್ತದಾ ಅಂತ ನೋಡಿ. ನನ್ನ ಪ್ರಕಾರ ಸೌಂಡ್ ಕಸುಬಿಗೆ ಬರುವ ಪ್ರತಿಯೊಬ್ಬ ಹುಡುಗನಿಗೂ ಇದು ಪಾಠ.

ಮೂರನೆಯದು ಸ್ವರ. ಇಲ್ಲಿ ನಮ್ಮ ಕಿವಿಗೆ ಒಂದು ಅನುಕೂಲ ಇದೆ. ಇಂಥ ಆಲ್ಬಂಗಳನ್ನು ಅಲ್ಲಿನವರು ‘ಎತ್ನಿಕ್’ (ಬೇರೆ ನಾಡುಗಳ ಛಾಯೆಯದು) ಅಂತ ಕರೆಯುವುದು ಮುಖ್ಯವಾಗಿ ಅದರಲ್ಲಿ ಬರುವ ಅರಬ್ ಛಾಯೆಯ ಸ್ವರಗಳಿಂದ. ಆ ಛಾಯೆ ಎಲ್ಲಿಂದ? ಶುದ್ಧ ರಿಷಭ ಆದ ಮೇಲೆ ಅಂತರ ಗಾಂಧಾರಕ್ಕೆ ಹಾರುವ ಆ ದೊಡ್ಡ ಹೆಜ್ಜೆಯಿಂದ. ನಮಗೆ ಅದು ಸರಳೆ ವರಸೆಯ ಮೊದಲ ದಿನವೇ ಸಿಗುತ್ತದೆ, ಮಾಯಾಮಾಳವಗೌಳದಲ್ಲಿ. ಅದರ ನಿಷಾದವನ್ನು ಒಂದು ಮೆಟ್ಟಿಲು ಇಳಿಸಿ ಕೈಶಿಕಿ ಮಾಡಿಬಿಟ್ಟರೆ ವಕುಳಾಭರಣ ರಾಗ. ರಾಕ್ ಗಿಟಾರಿನವರು ಪೂರ್ವದೇಶದ ಛಾಯೆ ಬೇಕಾದಾಗ ಜಾಸ್ತಿ ಹಿಡಿಯುವುದು ಈ ವಕುಳಾಭರಣದ ಸ್ವರಗಳನ್ನೇ. ರಾಗ ಅನ್ನಲಾರೆ, ಸ್ವರಗಳು ಮಾತ್ರ ಅವೇ.

ಐದನೆಯ ತುಣುಕು ‘ಮಿಸ್ಟಿಕಂ ಅರಾಬಿಕೋಲಾ’ ಹಾಕಿಕೊಂಡು ಮೊದಲು ಷಡ್ಜ ಹುಡುಕಿ. ಬೇಸ್ ಯಾವ ಸ್ವರಕ್ಕೆ ಮತ್ತೆ ಮತ್ತೆ ಮರಳಿ ಬರುತ್ತದೋ ಅದನ್ನು ‘ಸ’ ಅಂದುಕೊಂಡು ಬಾಯಿ ಮುಚ್ಚಿ ಹಿಡಿದುಕೊಳ್ಳಿ. ನಮ್ಮ ಮೇಷ್ಟ್ರಿಗೆ ಇದನ್ನು ಕೇಳಿಸಿದಾಗ ಅವರು ಹಾರ್ಮೋನಿಯಂ ತೆಗೆದು ಒಂದು ಮನೆ ಒತ್ತಿ ಹಿಡಿದು, ಕಣ್ಣು ಮುಚ್ಚಿ ತಲೆದೂಗಿದರು. ‘ಸ’ ಸಿಕ್ಕಿತು ಅಂದರೆ ಗಿಟಾರ್ ಎಷ್ಟೇ ದೂರ ಹೋದರೂ ನೀವು ಕಳೆದುಹೋಗುವುದಿಲ್ಲ. ತಂತಿ ಎಳೆದು ಸ್ವರ ಜಾರಿಸುವುದನ್ನೂ ಗಮಕ ಕೇಳಿದ ಕಿವಿ ಬೇಗ ಗುರುತಿಸುತ್ತದೆ.

ತಾಳವೂ ಅಷ್ಟೇ. ಇಂಥ ಸಂಗೀತದಲ್ಲಿ ನಾಲ್ಕರ ಲೆಕ್ಕ ಬಿಟ್ಟು ಏಳು, ಐದು ಬಂದುಬಿಡುತ್ತದೆ. ಕಾಲು ತಪ್ಪುತ್ತಿದೆ ಅನ್ನಿಸಿದ ಕಡೆ ‘ತಕಿಟ ತಕಧಿಮಿ’ ಹೇಳಿ ನೋಡಿ. ಕೂರದಿದ್ದರೆ ‘ತಕ ತಕಿಟ’. ಎರಡೂ ಕೂರದಿದ್ದರೆ ಬಿಡಿ, ಮತ್ತೆ ಬೇಸಿಗೆ ಹೋಗಿ.

“ಇಂಗ್ಲೆಂಡಿನವರ ಸಂಗೀತ ನಮಗ್ಯಾಕೆ” ಅನ್ನುವವರಿಗೂ ಒಂದು ಮಾತಿದೆ. ಲಂಡನ್ನಿನಲ್ಲಿದ್ದ ರಷ್ಯಾದ ಸಂಗೀತ ರಚನೆಕಾರ ನಿಕೊಲಾಯ್ ಮೆಡ್ಟ್‌ನರ್ ಅವರ ಪಿಯಾನೋ ಕೃತಿಗಳು 1940ರ ದಶಕದ ಕೊನೆಯಲ್ಲಿ ರೆಕಾರ್ಡ್ ಆಗಿದ್ದು ನಮ್ಮ ಜಯಚಾಮರಾಜ ಒಡೆಯರ್ ದುಡ್ಡು ಕೊಟ್ಟಿದ್ದರಿಂದ. ತಮ್ಮ ಮೂರನೇ ಕಾನ್ಚೆರ್ಟೋವನ್ನು (ಪಿಯಾನೋ ಜೊತೆ ವಾದ್ಯವೃಂದ ನುಡಿಸುವ ಕೃತಿ) ಮೆಡ್ಟ್‌ನರ್ ಮೈಸೂರು ಮಹಾರಾಜರಿಗೇ ಅರ್ಪಿಸಿದ್ದಾರೆ. ವಾಗ್ಗೇಯಕಾರರಾಗಿ ಕೃತಿಗಳನ್ನು ರಚಿಸಿದ ಒಡೆಯರ್ ಅವರಿಗೆ ನಮ್ಮ ಸಂಗೀತ, ಅಲ್ಲಿನ ಸಂಗೀತ ಎರಡೂ ಬೇಕಾಗಿತ್ತು. ನಮಗೂ ಇರಲಿ.

ಇನ್ನು ಆಂಬಿಯೆಂಟ್ ಭಾಗಗಳು. ಡ್ರಮ್ಸ್ ಇಲ್ಲದೆ ಸಿಂಥ್ ಹರಡಿಕೊಂಡಿರುವ ಕಡೆ ಜನ ಮುಂದಕ್ಕೆ ಓಡಿಸಿಬಿಡುತ್ತಾರೆ. ಓಡಿಸಬೇಡಿ. ಈ ಬಗೆಯ ಸಂಗೀತಕ್ಕೆ ಆಂಬಿಯೆಂಟ್ ಅನ್ನುವ ಹೆಸರು ಗಟ್ಟಿಯಾಗಿದ್ದು ಇಂಗ್ಲೆಂಡಿನ ಸಂಗೀತಗಾರ ಬ್ರಯಾನ್ ಈನೋ 1978ರಲ್ಲಿ ತಂದ ವಿಮಾನ ನಿಲ್ದಾಣದ ಸಂಗೀತದಿಂದ. ಅದಕ್ಕೂ ಮೊದಲು, 1975ರಲ್ಲಿ, ಅಪಘಾತವಾಗಿ ಅವರು ಮಲಗಿದ್ದಾಗ ಹಾರ್ಪ್ ವಾದನದ ರೆಕಾರ್ಡ್ ತೀರಾ ಸಣ್ಣಗೆ ಕೇಳುತ್ತಿತ್ತಂತೆ. ಎದ್ದು ಜೋರು ಮಾಡಲು ಶಕ್ತಿ ಇರಲಿಲ್ಲ. ಹೊರಗಿನ ಮಳೆಯ ಜೊತೆ ಬೆರೆತ ಆ ಸಂಗೀತವೇ ಅವರಿಗೆ ಹೊಸ ದಾರಿ ತೋರಿಸಿತು. ನೀವೂ ಹಾಗೆ ಮಾಡಿ. ವಿ.ಸಿ. ನಾಲೆಗೆ ನೀರು ಬಿಟ್ಟ ಮೇಲೆ ಗದ್ದೆ ಬಯಲಲ್ಲಿ ರಾತ್ರಿಯೆಲ್ಲ ಕಪ್ಪೆ ಕೂಗುತ್ತಿರುತ್ತವೆ. ಕಿಟಕಿ ತೆಗೆದು, ಕಪ್ಪೆಯ ಕೂಗಿಗಿಂತ ಒಂದಿಷ್ಟು ಕಮ್ಮಿ ವಾಲ್ಯೂಮಿನಲ್ಲಿ ಕೊನೆಯ ತುಣುಕು ‘ಎ ಗಿಫ್ಟ್ ಆಫ್ ವಿಂಗ್ಸ್’ ಹಾಕಿ. ಇದಕ್ಕೆ ಮಾತ್ರ ಹೆಡ್‌ಫೋನ್ ಬೇಡ.

ಒಂದು ಎಚ್ಚರಿಕೆ ಹೇಳಲೇಬೇಕು. ಎತ್ನಿಕ್ ಅಂತ ಹೆಸರು ಹಾಕಿಕೊಂಡ ಎಲ್ಲವೂ ಒಳ್ಳೆಯದಲ್ಲ. ಒಂದು ಕೊಳಲಿನ ತುಂಡು, ಒಂದು ತಬಲಾ ಸುತ್ತು ಅಂಟಿಸಿಬಿಟ್ಟ ಆಲ್ಬಂಗಳು ಬೇಕಾದಷ್ಟಿವೆ. ಗುರುತಿಸುವುದು ಸುಲಭ. ಕೊಳಲು ಬಂದಾಗ ಬೇಸ್ ಏನಾದರೂ ಬದಲಾಗುತ್ತದಾ, ಡ್ರಮ್ಸ್ ಜಾಗ ಬಿಟ್ಟುಕೊಡುತ್ತದಾ ಅಂತ ಕೇಳಿ. ಬದಲಾದರೆ ತಂಡ ಒಟ್ಟಿಗೆ ನುಡಿಸುತ್ತಿದೆ. ಏನೂ ಬದಲಾಗದಿದ್ದರೆ ಅದು ಬರೀ ಅಲಂಕಾರ. ‘ಅರ್ಪ್‌ಲ್ಯಾಂಡ್’ನಲ್ಲಿ ಜಾನ್ ಈಗನ್ ಕೊಳಲು ತಂಡದ ಒಳಗೇ ಇದೆ, ನನಗೆ ಈ ಆಲ್ಬಂ ಮೇಲೆ ಇಷ್ಟು ಪ್ರೀತಿ ಇರಲು ಅದೂ ಒಂದು ಕಾರಣ.

ಇಷ್ಟಾದ ಮೇಲೆ ಒಂದನೇ ತುಣುಕು ‘ಇಟರ್ನಲ್ ವ್ಹೀಲ್’ನಿಂದ ಹಿಡಿದು ಪೂರ್ತಿ ಕೇಳಿ. ಈಗ ಗಿಟಾರಿನ ಹಿಂದೆ ಹೋಗಬಹುದು. ಆಲ್ಬಂ ಹಿಡಿಸಿದರೆ ಅದೇ ತಂಡದ 1993ರ ‘ಜುರಾಸಿಕ್ ಶಿಫ್ಟ್’ ತಗೊಳ್ಳಿ. ಹಾಡುಗಾರರಿಲ್ಲದ ಆ ಆಲ್ಬಂ ಬ್ರಿಟನ್ನಿನ ಪಟ್ಟಿಯಲ್ಲಿ 11ನೇ ಸ್ಥಾನದವರೆಗೆ ಹೋಗಿತ್ತು. ಹಳೆಯ ಬೇರು ಬೇಕು ಅನ್ನುವವರಿಗೆ ಗಾಂಗ್ ತಂಡದ 1974ರ ‘ಯೂ’. ಹಾಕ್‌ವಿಂಡ್ ತಂಡದ 1973ರ ‘ಸ್ಪೇಸ್ ರಿಚುಯಲ್’ ಕೂಡ ಇದೆ, ಆದರೆ ಅದು ಲೈವ್, ತುಂಬ ಗಡುಸು. ಅದನ್ನು ‘ಯೂ’ ಆದ ಮೇಲೆ ಇಟ್ಟುಕೊಳ್ಳಿ.