ಮಡಿಸಿದ ಬಾವುಟಕ್ಕೊಂದು ಮರದ ಪೆಟ್ಟಿಗೆ

ಅಮೆರಿಕದ ಸೇನೆಯಲ್ಲಿ ದುಡಿದು ಗೌರವದಿಂದ ನಿವೃತ್ತರಾದವರು ತೀರಿಕೊಂಡಾಗ ಅವರ ಶವಪೆಟ್ಟಿಗೆಯ ಮೇಲೆ ಆ ದೇಶದ ಬಾವುಟವನ್ನು ಹೊದಿಸುತ್ತಾರೆ. ನಕ್ಷತ್ರಗಳಿರುವ ನೀಲಿ ಭಾಗ ಮೃತರ ತಲೆಯ ಕಡೆಗೆ, ಎಡ ಭುಜದ ಮೇಲೆ ಬರಬೇಕೆಂಬುದು ಅಲ್ಲಿನ ನಿಯಮ. ಬಾವುಟವನ್ನು ಗುಂಡಿಗೆ ಇಳಿಸುವುದಿಲ್ಲ, ನೆಲಕ್ಕೆ ತಾಗಿಸುವುದಿಲ್ಲ. ಸಂಸ್ಕಾರದ ಕೊನೆಯಲ್ಲಿ ಸಮವಸ್ತ್ರಧಾರಿಗಳು ಅದನ್ನು ತ್ರಿಕೋನಾಕಾರವಾಗಿ ಮಡಿಸಿ ಹೆಂಡತಿಯ, ಮಕ್ಕಳ ಅಥವಾ ತಂದೆತಾಯಿಯ ಕೈಗೆ ಕೊಡುತ್ತಾರೆ. ಮಾಜಿ ಸೈನಿಕರನ್ನು ನೋಡಿಕೊಳ್ಳುವ ವೆಟರನ್ಸ್ ಅಫೇರ್ಸ್ ಇಲಾಖೆ ಈ ಬಾವುಟವನ್ನು ಉಚಿತವಾಗಿ ಕೊಡುತ್ತದೆ, ಆದರೆ ಒಮ್ಮೆ ಮಾತ್ರ. ಕಳೆದುಹೋದರೂ ಹಾಳಾದರೂ ಇಲಾಖೆಯಿಂದ ಇನ್ನೊಂದು ಸಿಗುವುದಿಲ್ಲ. ಅದನ್ನಿಡುವ ಪೆಟ್ಟಿಗೆಯ ಮೇಲೆ ಎಷ್ಟು ಹೊಣೆಯಿದೆ ಎಂಬುದು ಇದರಿಂದಲೇ ತಿಳಿಯುತ್ತದೆ.

ಅಮೆರಿಕದಲ್ಲಿ ನೆಲೆಸಿರುವ ನಾನು ಮರಗೆಲಸವನ್ನು ಹವ್ಯಾಸವಾಗಿ ಕಲಿತವನು. ಪಕ್ಕದ ಮನೆಯ ಹಿರಿಯರೊಬ್ಬರು ತೀರಿಕೊಂಡ ಮೇಲೆ ಅವರ ಪತ್ನಿ ಇಂಥದೊಂದು ಪೆಟ್ಟಿಗೆ ಮಾಡಿಕೊಡಲು ಸಾಧ್ಯವೇ ಎಂದು ಕೇಳಿದರು. ಎಲ್ಲೋ ಸಿಕ್ಕ ನಕ್ಷೆಯ ಅಳತೆಯನ್ನೇ ನಂಬಿ ನಾನು ಮಾಡಿದ ಮೊದಲ ಪೆಟ್ಟಿಗೆಯೊಳಗೆ ಬಾವುಟ ಬಿಗಿಯಾಗಿ ಸಿಕ್ಕಿಕೊಳ್ಳುವಂತಿತ್ತು. ಒತ್ತಿ ತುರುಕಿದ್ದರೆ ಹಿಡಿಸುತ್ತಿತ್ತೇನೋ. ಆದರೆ ಹಾಗೆ ಒತ್ತಿಟ್ಟ ಹತ್ತಿಬಟ್ಟೆ ಮಡಿಕೆಯ ಜಾಗದಲ್ಲೇ ಮೊದಲು ಸವೆಯುತ್ತದೆ. ಆ ಪೆಟ್ಟಿಗೆಯನ್ನು ಬಿಚ್ಚಿ ಹೊಸದೊಂದನ್ನು ಮಾಡಿದೆ. ಆದ್ದರಿಂದ ನಾನು ಮೊಟ್ಟಮೊದಲು ಹೇಳುವ ಮಾತು ಇದು: ಮರವನ್ನು ಮುಟ್ಟುವ ಮೊದಲು ಬಾವುಟವನ್ನು ಅಳೆಯಿರಿ.

ಇಲಾಖೆ ಕೊಡುವ ಬಾವುಟ 5 ಅಡಿ ಅಗಲ, ಒಂಬತ್ತೂವರೆ ಅಡಿ ಉದ್ದದ ಹತ್ತಿಬಟ್ಟೆ. ಅದನ್ನು ಮೊದಲು ಉದ್ದಕ್ಕೆ ಎರಡು ಸಲ ಮಡಿಸುತ್ತಾರೆ. 60 ಇಂಚಿನ ಅಗಲ 15 ಇಂಚಿಗೆ ಇಳಿಯುತ್ತದೆ. ಬಳಿಕ ಪಟ್ಟೆಗಳ ತುದಿಯಿಂದ ಆರಂಭಿಸಿ ನೀಲಿ ಭಾಗದ ಕಡೆಗೆ ತ್ರಿಕೋನವಾಗಿ ಮಡಿಸುತ್ತಾ ಹೋಗಿ ಉಳಿದ ಅಂಚನ್ನು ಒಳಗೆ ಸೇರಿಸುತ್ತಾರೆ. ಕೊನೆಗೆ ಹೊರಗೆ ಕಾಣುವುದು ನೀಲಿ ಬಣ್ಣ ಮತ್ತು ಬಿಳಿ ನಕ್ಷತ್ರಗಳು ಮಾತ್ರ. ಲೆಕ್ಕದ ಪ್ರಕಾರ ಇದು 15 ಇಂಚಿನ ಎರಡು ಸಮಬಾಹುಗಳಿರುವ ಲಂಬಕೋನ ತ್ರಿಭುಜವಾದ್ದರಿಂದ ತಳದ ಉದ್ದ 21.2 ಇಂಚು ಬರಬೇಕು. ಆದರೆ ಬಟ್ಟೆಯ ಪದರಗಳು ಒಂದರ ಮೇಲೊಂದು ಕೂತಾಗ ಅಂಚು ಹೊರಕ್ಕೆ ಸರಿಯುತ್ತದೆ. ಎಷ್ಟು ಸರಿಯುತ್ತದೆ ಎಂಬುದು ಮಡಿಸಿದವರ ಕೈಯ ಬಿಗಿಯನ್ನು ಅವಲಂಬಿಸಿದೆ. ನಾನು ಅಳೆದ ಬಾವುಟದ ತಳ 23.5 ಇಂಚು ಇತ್ತು, ದಪ್ಪ ಸುಮಾರು 3 ಇಂಚು. ನಿಮ್ಮ ಎದುರಿಗಿರುವ ಬಾವುಟದ ಅಳತೆ ಬೇರೆಯೇ ಇರಬಹುದು. ಅಳೆಯುವುದಕ್ಕಾಗಿ ಅದನ್ನು ಬಿಚ್ಚಬೇಡಿ. ಶುಭ್ರವಾದ ಬಿಳಿ ಬಟ್ಟೆಯ ಮೇಲಿಟ್ಟು, ಒತ್ತದೆ, ತಳ, ಎತ್ತರ, ದಪ್ಪ ಈ ಮೂರನ್ನು ಬರೆದುಕೊಳ್ಳಿ.

ಪೆಟ್ಟಿಗೆಯ ಒಳತಳವನ್ನು ಬಾವುಟದ ತಳಕ್ಕಿಂತ ಒಂದೂವರೆ ಇಂಚು ಹೆಚ್ಚಿಗೆ ಇಡಿ. ಇದು ಕೇಳುವುದಕ್ಕೆ ಧಾರಾಳವೆನಿಸಿದರೂ ತ್ರಿಕೋನದ ಮೂರು ಬದಿಗೂ ಹಂಚಿದಾಗ ಪ್ರತಿ ಬದಿಗೆ ಸಿಗುವುದು ಒಂದು ಇಂಚಿನ ಹತ್ತರಲ್ಲಿ ಮೂರು ಭಾಗ ಮಾತ್ರ, ಅದರಲ್ಲೂ ಒಂದಷ್ಟು ಒಳಪದರಕ್ಕೆ ಹೋಗುತ್ತದೆ. ಮುಂದಿನ ಅಳತೆಗಳನ್ನು ನಾನು 25 ಇಂಚಿನ ಒಳತಳ ಮತ್ತು ಮುಕ್ಕಾಲು ಇಂಚು ದಪ್ಪದ ಹಲಗೆಯನ್ನು ಇಟ್ಟುಕೊಂಡು ಹೇಳುತ್ತೇನೆ.

ಮರದ ಆಯ್ಕೆಯಲ್ಲಿ ನನ್ನ ಒಲವು ವಾಲ್‌ನಟ್ ಅಥವಾ ಚೆರ್ರಿಯ ಕಡೆಗೆ. ಓಕ್ ಗಟ್ಟಿಯಾದದ್ದು, ನೋಡಲು ಚೆನ್ನ, ಎಲ್ಲೆಡೆ ಸಿಗುತ್ತದೆ. ಆದರೆ ಅದರಿಂದ ಹೊರಡುವ ಅಸಿಟಿಕ್ ಆಮ್ಲದ ಆವಿ ಮುಚ್ಚಿದ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ನಿಂತು ಹತ್ತಿಯ ನೂಲನ್ನು ದುರ್ಬಲಗೊಳಿಸುತ್ತದೆ. ಈ ಆಮ್ಲ ಸ್ವಲ್ಪಮಟ್ಟಿಗೆ ಎಲ್ಲ ಮರಗಳಲ್ಲೂ ಇರುವುದರಿಂದ ಯಾವ ಮರವಾದರೂ ಅದು ಬಾವುಟವನ್ನು ನೇರವಾಗಿ ಮುಟ್ಟಬಾರದು. ನಾಲ್ಕೂಕಾಲು ಇಂಚು ಅಗಲದ, 7 ಅಡಿ ಉದ್ದದ ಒಂದೇ ಹಲಗೆ ಸಾಕಾಗುತ್ತದೆ. ಮೂರೂ ಬದಿಗಳನ್ನು ಅದೊಂದರಿಂದಲೇ ಕೊಯ್ದರೆ ಬಣ್ಣವೂ ಎಳೆಯೂ ಹೊಂದಿಕೊಳ್ಳುತ್ತವೆ.

ಈ ಕೆಲಸದಲ್ಲಿ ಹೆಚ್ಚಿನವರು ಸೋಲುವುದು ಕೆಳಗಿನ ಎರಡು ಮೂಲೆಗಳಲ್ಲಿ. ಮೇಲಿನ ಮೂಲೆ 90 ಡಿಗ್ರಿ. ಎರಡೂ ಹಲಗೆಗಳ ತುದಿಯನ್ನು 45 ಡಿಗ್ರಿ ಓರೆಯಾಗಿ ಕೊಯ್ದರೆ ಚಿತ್ರದ ಚೌಕಟ್ಟಿನಂತೆ ಕೂಡಿಕೊಳ್ಳುತ್ತವೆ. ಕೆಳಗಿನ ಮೂಲೆಗಳು 45 ಡಿಗ್ರಿಯವು. ಅಲ್ಲಿಯೂ ಓರೆಯನ್ನು ಎರಡು ಹಲಗೆಗಳಿಗೆ ಸಮನಾಗಿ ಹಂಚಲು ಹೊರಟರೆ ತುದಿಗಳು 22.5 ಡಿಗ್ರಿಯಷ್ಟು ಚೂಪಾಗಬೇಕು. ಸಾಮಾನ್ಯ ಟೇಬಲ್ ಗರಗಸದ ಅಲಗು ಅಷ್ಟು ವಾಲುವುದಿಲ್ಲ, ಹಲಗೆಯನ್ನು ನೆಟ್ಟಗೆ ನಿಲ್ಲಿಸಿ ಕೊಯ್ಯುವುದು ಹೊಸಬರಿಗೆ ಅಪಾಯ. ಇದಕ್ಕೆ ಸರಳವಾದ ದಾರಿಯೊಂದಿದೆ. ಪಕ್ಕದ ಹಲಗೆಗಳು ತಳದ ಹಲಗೆಯ ಮೇಲೆ ಬಂದು ಕೂರುವಂತೆ ಮಾಡಿ. ಪಕ್ಕದ ಹಲಗೆ 45 ಡಿಗ್ರಿ ವಾಲಿ ನಿಲ್ಲುವುದರಿಂದ ಅದರ ಕೆಳತುದಿಯನ್ನೂ 45 ಡಿಗ್ರಿಗೆ ಕೊಯ್ದರೆ ಅದು ತಳದ ಮೇಲೆ ಚಪ್ಪಟೆಯಾಗಿ ಕೂರುತ್ತದೆ. ತಳದ ಹಲಗೆಯ ಎರಡು ತುದಿಗಳನ್ನೂ ಅದೇ 45 ಡಿಗ್ರಿಗೆ ಕೊಯ್ದರೆ ಹೊರಗಿನ ಇಳಿಜಾರು ಕೆಳಗಿನವರೆಗೂ ಒಂದೇ ಸಮನಾಗಿ ಸಾಗುತ್ತದೆ. ಹೀಗೆ ಪೆಟ್ಟಿಗೆಯ ಆರೂ ಕೊಯ್ತಗಳಿಗೆ ಗರಗಸವನ್ನು ಒಂದೇ ಕೋನದಲ್ಲಿ ನಿಲ್ಲಿಸಿದರೆ ಸಾಕು.

ಪಕ್ಕದ ಪ್ರತಿ ಹಲಗೆ ಒಳಮುಖದಲ್ಲಿ 17 11/16 ಇಂಚು, ಹೊರಮುಖದಲ್ಲಿ 19 3/16 ಇಂಚು ಇರಬೇಕು; ಅಂದರೆ ಎರಡೂ ತುದಿಗಳಲ್ಲಿ ಹೊರಮುಖವೇ ಉದ್ದ. ತಳದ ಹಲಗೆಯ ಮೇಲ್ಮುಖ 27 1/8 ಇಂಚು, ಕೆಳಮುಖ 28 5/8 ಇಂಚು. ಒಳ್ಳೆಯ ಹಲಗೆಯನ್ನು ಕೊಯ್ಯುವ ಮೊದಲು ಬೇಡದ ಮರದ ಎರಡು ತುಂಡುಗಳನ್ನು ಅದೇ ಕೋನದಲ್ಲಿ ಕೊಯ್ದು ಜೋಡಿಸಿ, 90 ಡಿಗ್ರಿ ಸರಿಯಿದೆಯೇ ಎಂದು ತೋರಿಸುವ ಮೂಲೆಮಟ್ಟವನ್ನು ಇಟ್ಟು ನೋಡಿ. ಅರ್ಧ ಡಿಗ್ರಿ ತಪ್ಪಿದರೂ ಕೊನೆಯ ಮೂಲೆಯಲ್ಲಿ ಸಂದು ಬಾಯಿ ಬಿಡುತ್ತದೆ. ಗರಗಸದ ಮೇಲೆ ಬರೆದಿರುವ ಅಂಕಿಗಿಂತ ಮೂಲೆಮಟ್ಟವನ್ನು ನಂಬಿ.

ಮೇಲಿನ ಮೂಲೆಯನ್ನು ಮೊದಲು ಅಂಟಿಸಬೇಕು. ಎರಡು ಹಲಗೆಗಳನ್ನು ಹೊರಮುಖ ಮೇಲೆ ಬರುವಂತೆ ತುದಿಗೆ ತುದಿ ಸೇರಿಸಿಟ್ಟು ಸಂದಿನ ಮೇಲೆ ಅಗಲವಾದ ಅಂಟುಪಟ್ಟಿಯನ್ನು ಬಿಗಿಯಾಗಿ ಹಚ್ಚಿ, ತಿರುಗಿಸಿ, ಓರೆಮುಖಗಳಿಗೆ ಗೋಂದು ಬಳಿದು ಮಡಿಸಿದರೆ ಅಂಟುಪಟ್ಟಿಯೇ ಎರಡನ್ನೂ ಬಿಗಿಯಾಗಿ ಹಿಡಿದಿಡುತ್ತದೆ. ಎಳೆಗೆ ಅಡ್ಡವಾಗಿ ಕೊಯ್ದ ತುದಿ ಗೋಂದನ್ನು ಬೇಗ ಹೀರಿಕೊಳ್ಳುವುದರಿಂದ ತೆಳುವಾಗಿ ಒಮ್ಮೆ ಬಳಿದು, ಕೆಲವು ನಿಮಿಷ ಬಿಟ್ಟು ಮತ್ತೊಮ್ಮೆ ಬಳಿಯುವುದು ಒಳ್ಳೆಯದು. 90 ಡಿಗ್ರಿ ಇದೆಯೇ ಎಂದು ನೋಡಿ ರಾತ್ರಿಯಿಡೀ ಒಣಗಲು ಬಿಡಿ. ಮರುದಿನ ಈ ಜೋಡಿಯನ್ನು ಗೋಂದು ಬಳಿದು ತಳದ ಮೇಲೆ ಕೂರಿಸುವಾಗ ಕಾಲುಗಳು ಹೊರಕ್ಕೆ ಜಾರುತ್ತವೆ. ಅದನ್ನು ತಡೆಯಲು ಕೂಡುವ ಮುಖದಲ್ಲಿ ಎರಡು ಸಣ್ಣ ಮೊಳೆಗಳನ್ನು ಅರ್ಧ ಹೊಡೆದು, ತಲೆ ಕತ್ತರಿಸಿ, ಆ ಮೊನೆಗಳು ತಳದ ಹಲಗೆಗೆ ನಾಟುವಂತೆ ಒತ್ತಿದರೆ ಸಾಕು. ಬಳಿಕ ಪಟ್ಟಿಯಂಥ ಕ್ಲ್ಯಾಂಪನ್ನು ಇಡೀ ತ್ರಿಕೋನದ ಸುತ್ತ ಬಿಗಿಯಿರಿ.

ಮುಂಭಾಗಕ್ಕೆ ಗಾಜಿಗಿಂತ ಅತಿನೇರಳೆ ಕಿರಣಗಳನ್ನು ತಡೆಯುವ, 1/8 ಇಂಚು ದಪ್ಪದ ಅಕ್ರಿಲಿಕ್ ಹಾಳೆ ಉತ್ತಮ. ಹಗುರ, ಒಡೆದರೂ ಚೂರು ಬಟ್ಟೆಯೊಳಗೆ ಹೋಗುವುದಿಲ್ಲ. ಪೆಟ್ಟಿಗೆಯ ಒಳಗೆ, ಮುಂದಿನ ಅಂಚಿಗೆ ಸಮನಾಗಿ, ಕಾಲು ಇಂಚಿನ ಚದರ ಪಟ್ಟಿಗಳನ್ನು ಮೂರೂ ಬದಿಗೆ ಅಂಟಿಸಿ. ರಟ್ಟಿನಲ್ಲಿ ಒಳಾಕಾರವನ್ನು ಕತ್ತರಿಸಿ ಸರಿಯಾಗಿದೆಯೇ ಎಂದು ನೋಡಿದ ಬಳಿಕವೇ ಅಕ್ರಿಲಿಕ್ ಕೊಯ್ಸಿ, ಹಿಂದಿನಿಂದ ಈ ಪಟ್ಟಿಗಳಿಗೆ ಆನಿಸಬೇಕು. ಅದರ ಹಿಂದೆ ಅರ್ಧ ಇಂಚಿನ ಇನ್ನೊಂದು ಸಾಲು ಪಟ್ಟಿಗಳನ್ನು ಗೋಂದಿಲ್ಲದೆ ಸಣ್ಣ ಸ್ಕ್ರೂಗಳಿಂದ ಹಿಡಿಸಿ. ಈ ಎರಡನೆಯ ಸಾಲು ಹಾಳೆಯನ್ನು ಹಿಡಿದಿಡುವುದರ ಜೊತೆಗೆ ಬಾವುಟ ಅದಕ್ಕೆ ತಾಗದಂತೆ ದೂರವಿಡುತ್ತದೆ. ಹಿಂಬದಿಗೆ ಕಾಲು ಇಂಚಿನ ಪ್ಲೈವುಡ್ಡನ್ನು ಹೊರಾಕಾರಕ್ಕಿಂತ ಕೂದಲೆಳೆಯಷ್ಟು ಚಿಕ್ಕದಾಗಿ ಕೊಯ್ದು ಹಲಗೆಗಳ ಅಂಚಿಗೆ ಆರು ಸ್ಕ್ರೂಗಳಿಂದ ಮುಚ್ಚಬೇಕು. ಹಿಂಬದಿಯನ್ನು ಯಾವ ಕಾರಣಕ್ಕೂ ಅಂಟಿಸಬೇಡಿ. ಮುಂದೆ ಯಾರಾದರೂ ಇದನ್ನು ತೆರೆಯಬೇಕಾಗಿ ಬಂದೇ ಬರುತ್ತದೆ.

ಹೊರಮೈಯನ್ನು ಒರಟಿನಿಂದ ನಯಕ್ಕೆ 120, 180, 220 ಎಂಬ ಸಂಖ್ಯೆಗಳ ಕ್ರಮದಲ್ಲಿ ಸ್ಯಾಂಡ್‌ಪೇಪರಿನಿಂದ ಉಜ್ಜಿ ಅರಗಿನ ಮೆರುಗನ್ನೋ ನೀರು ಬೆರೆಯುವ ವಾರ್ನಿಶನ್ನೋ ಬಳಿಯಬಹುದು. ಅಗಸೆ ಎಣ್ಣೆ ಮರಕ್ಕೆ ಚೆನ್ನಾಗಿ ಒಪ್ಪುತ್ತದೆ, ಆದರೆ ಅದು ಒಣಗುತ್ತಾ ಬಹುಕಾಲ ಆವಿ ಬಿಡುವುದರಿಂದ ನಾನು ಇಲ್ಲಿ ಬಳಸುವುದಿಲ್ಲ. ಬಳಿದ ಮೇಲೆ ಹಿಂಬದಿ ತೆರೆದಿಟ್ಟು ಕನಿಷ್ಠ ಮೂರು ನಾಲ್ಕು ವಾರ ಗಾಳಿಯಾಡಲು ಬಿಡಿ. ಮನೆಯವರು ಕಾಯುತ್ತಿರುತ್ತಾರೆಂದು ಅವಸರ ಮಾಡುವುದು ಸಹಜ. ಕಾಯಬೇಕಾದ ಕಾರಣವನ್ನು ತಿಳಿಸಿದರೆ ಅವರೂ ಒಪ್ಪುತ್ತಾರೆ. ಮೂಗಿಟ್ಟು ನೋಡಿದಾಗ ವಾಸನೆ ಪೂರ್ತಿ ಹೋಗಿರಬೇಕು. ನಂತರ ಒಳಗೋಡೆಗಳಿಗೆ ಅಲ್ಯೂಮಿನಿಯಂ ಪದರವಿರುವ ತಡೆಹಾಳೆಯನ್ನು ಹಚ್ಚಿ, ಅದರ ಮೇಲೆ ಗಂಜಿಯಿಲ್ಲದಂತೆ ಚೆನ್ನಾಗಿ ಒಗೆದ, ಬಣ್ಣ ಹಾಕದ ಹತ್ತಿಬಟ್ಟೆಯನ್ನು ಹಾಸಿ.

ಗೌರವಾರ್ಥವಾಗಿ ಹಾರಿಸಿದ ಗುಂಡುಗಳ ಹಿತ್ತಾಳೆಯ ಖಾಲಿ ಕೋಶಗಳನ್ನು ಕೆಲವೊಮ್ಮೆ ಬಾವುಟದ ಮಡಿಕೆಯೊಳಗೆ ಸೇರಿಸಿ ಕೊಟ್ಟಿರುತ್ತಾರೆ. ಹಿತ್ತಾಳೆ ಕಿಲುಬು ಹಿಡಿದು ಬಟ್ಟೆಯ ಮೇಲೆ ಕಲೆಯಾಗುತ್ತದೆ. ಕೈಗೆ ಎಟುಕುವಂತಿದ್ದರೆ ಮನೆಯವರ ಅನುಮತಿ ಪಡೆದು ಅವನ್ನು ಹೊರತೆಗೆದು ಬೇರೊಂದು ಪುಟ್ಟ ಡಬ್ಬಿಯಲ್ಲಿಡಿ. ಬಾವುಟಕ್ಕೆ ಗುಂಡುಪಿನ್ನು, ಗೋಂದು, ಬ್ಯಾಡ್ಜ್ ಯಾವುದನ್ನೂ ಚುಚ್ಚಬೇಡಿ, ಅಂಟಿಸಬೇಡಿ.

ಊರಿನಲ್ಲಿ, ಅದರಲ್ಲೂ ಕೊಡಗಿನಂಥ ಕಡೆ ಸೈನಿಕರ ಮನೆಗಳಲ್ಲಿ, ತ್ರಿವರ್ಣಧ್ವಜಕ್ಕೆ ಇಂಥ ಪೆಟ್ಟಿಗೆ ಮಾಡಬಯಸುವವರು ಆಕಾರವನ್ನು ಬದಲಿಸಿಕೊಳ್ಳಬೇಕು. ನಮ್ಮ 2002ರ ಧ್ವಜಸಂಹಿತೆಯ ಪ್ರಕಾರವೂ ಧ್ವಜವನ್ನು ಗುಂಡಿಗೆ ಇಳಿಸುವಂತಿಲ್ಲ, ಚಿತೆಯಲ್ಲಿ ಸುಡುವಂತಿಲ್ಲ. ಆದರೆ ಮಡಿಸುವ ಕ್ರಮ ಬೇರೆ. ಕೇಸರಿ ಮತ್ತು ಹಸಿರು ಪಟ್ಟಿಗಳನ್ನು ಬಿಳಿಯ ಪಟ್ಟಿಯ ಅಡಿಗೆ ಮಡಿಸಿ, ಅಶೋಕಚಕ್ರವೂ ಕೇಸರಿ ಹಸಿರಿನ ಸ್ವಲ್ಪ ಭಾಗವೂ ಮಾತ್ರ ಕಾಣುವಂತೆ ಬಿಳಿಯನ್ನು ಒಳಗೆ ಮಡಿಸುತ್ತಾರೆ. ಆಗ ಬೇಕಾಗುವುದು ನೇರವಾದ ನಾಲ್ಕು ಮೂಲೆಯ ಪೆಟ್ಟಿಗೆ. ಬಟ್ಟೆಗೂ ಮರಕ್ಕೂ ನಡುವೆ ಪದರ, ತೆರೆಯಬಹುದಾದ ಹಿಂಬದಿ, ಬಿಸಿಲಿನ ತಡೆ ಇವೆಲ್ಲ ಹಾಗೆಯೇ ಉಳಿಯುತ್ತವೆ.

ಬಾವುಟವನ್ನು ಒಳಗಿಡುವ ಕೆಲಸವನ್ನು ಬಡಗಿ ಮಾಡಬಾರದು, ಮನೆಯವರು ಮಾಡಬೇಕು ಎಂಬುದು ನನ್ನ ಅಭಿಪ್ರಾಯ. ಪೆಟ್ಟಿಗೆಯನ್ನು ಮುಂಭಾಗ ಕೆಳಗೆ ಮಾಡಿ ಮೇಜಿನ ಮೇಲೆ ಮಲಗಿಸಿದೆ. ಪಕ್ಕದ ಮನೆಯವರು ಕೈ ತೊಳೆದು ಒರೆಸಿಕೊಂಡು, ತ್ರಿಕೋನದ ತುದಿ ಮೇಲಿನ ಮೂಲೆಗೂ ಅಗಲವಾದ ಬದಿ ತಳಕ್ಕೂ ಬರುವಂತೆ ತಾವೇ ಇಟ್ಟರು. ನಾನು ಆರು ಸ್ಕ್ರೂಗಳನ್ನು ತಿರುಗಿಸಿದೆ. ಬಿಸಿಲು ಬೀಳದ, ಒಲೆಗೂಡಿನಿಂದ ದೂರವಿರುವ ಒಳಗೋಡೆಯ ಮೇಲೆ ಅದು ಈಗ ಇದೆ. ವರ್ಷಕ್ಕೊಮ್ಮೆ ಹಿಂಬದಿ ತೆರೆದು ಹುಳ, ತೇವ, ಕಲೆ ಏನಾದರೂ ಇದೆಯೇ ಎಂದು ನಾವಿಬ್ಬರೂ ಸೇರಿ ನೋಡುತ್ತೇವೆ.