ಓಟವನ್ನು ತಡೆಯುತ್ತಲೇ ಓಡಿಸಿದ ಆರು ತಿಂಗಳು

ಪಲ್ಟನ್ನಿನಲ್ಲಿ ಪಿ.ಟಿ. ಮಾಡಿಸುವ ಹವಾಲ್ದಾರನನ್ನು ಎಲ್ಲರೂ ಉಸ್ತಾದ್ ಎನ್ನುತ್ತಾರೆ. ಪುಣೆಯ ಆರ್ಮಿ ಇನ್‌ಸ್ಟಿಟ್ಯೂಟ್ ಆಫ್ ಫಿಸಿಕಲ್ ಟ್ರೈನಿಂಗ್‌ನಲ್ಲಿ ಕೋರ್ಸ್ ಮುಗಿಸಿ ಬಂದ ಮೇಲೆ ಹಲವು ವರ್ಷ ನಾನು ಮಾಡಿದ್ದು ಒಂದೇ ಕೆಲಸ: ನಿಧಾನವಾಗಿ ಓಡುವವರನ್ನು ಬೇಗ ಓಡಿಸುವುದು. 2021ರ ಜೂನ್‌ನಲ್ಲಿ, ಕೊರೊನಾದ ಎರಡನೇ ಅಲೆ ತಗ್ಗಿ ಕಂಪನಿಯ ಜವಾನರು ಒಬ್ಬೊಬ್ಬರಾಗಿ ಮೈದಾನಕ್ಕೆ ಮರಳಿದಾಗ, ಅದಕ್ಕೆ ತದ್ವಿರುದ್ಧವಾದ ಕೆಲಸವನ್ನು ಕಲಿಯಬೇಕಾಯಿತು.

ಅದಕ್ಕೂ ಮೊದಲು ಒಂದು ವರ್ಷ ರಜೆಯಿಂದ ಬಂದವರೆಲ್ಲ ಹದಿನಾಲ್ಕು ದಿನ ಬೇರೆ ಬ್ಯಾರಕ್ಕಿನಲ್ಲಿ ಇರಬೇಕಾಗಿತ್ತು. ಮಂಚದ ಪಕ್ಕದ ಜಾಗದಲ್ಲೇ ಅವರು ದಂಡ, ಬೈಠಕ್, ಸಿಟ್‌ಅಪ್ ಮಾಡುತ್ತಿದ್ದರು. ಹೀಗಾಗಿ ತೋಳು, ಎದೆಗಳು ಕುಗ್ಗಿರಲಿಲ್ಲ. ನೋಡಿದರೆ ಎಲ್ಲರೂ ತಯಾರಾಗಿಯೇ ಇದ್ದಾರೆ ಎನಿಸುತ್ತಿತ್ತು. ಆ ನೋಟವನ್ನು ನಂಬಿ ಮೊದಲ ವಾರದಲ್ಲೇ 2.4 ಕಿಲೋಮೀಟರ್ ಓಟಕ್ಕೆ ಸ್ಟಾಪ್‌ವಾಚ್ ಒತ್ತಿದ್ದು ನನ್ನದೇ ತಪ್ಪು. ಸದಾ ಒಂಬತ್ತು ನಿಮಿಷದೊಳಗೆ ಮುಗಿಸುತ್ತಿದ್ದ ವಿಜಯಪುರ ಕಡೆಯ ಲ್ಯಾನ್ಸ್ ನಾಯಕನೊಬ್ಬ ಅಂದು ಹತ್ತು ನಿಮಿಷ ದಾಟಿ ಬಂದು, ಗೋಲ್‌ಪೋಸ್ಟ್‌ಗೆ ಒರಗಿ ಕುಳಿತುಬಿಟ್ಟ. ಹತ್ತು ನಿಮಿಷ ಕಳೆದರೂ ಅವನ ನಾಡಿ 120ರಿಂದ ಕೆಳಗಿಳಿಯಲಿಲ್ಲ. ಕೇಳಿದಾಗ, "ರಜಾದಾಗ ಮೂರು ದಿನ ಬರೇ ಜ್ವರ ಬಂದಿತ್ತರಿ ಉಸ್ತಾದ್, ಟೆಸ್ಟ್ ಮಾಡಿಸಲಿಲ್ಲರಿ" ಎಂದ. ಅವನನ್ನು ಪಲ್ಟನ್ನಿನ ವೈದ್ಯಕೀಯ ತಪಾಸಣೆ ಕೊಠಡಿಯಾದ ಎಂ.ಐ. ರೂಮ್‌ಗೆ ಕರೆದೊಯ್ದೆ. ಸೋಂಕು ಹೃದಯದ ಸ್ನಾಯುವಿಗೂ ತಗಲಬಹುದೆಂದೂ, ಅಂಥ ಸಮಯದಲ್ಲಿ ಮೈಮುರಿದು ಓಡುವುದೇ ಅಪಾಯವೆಂದೂ ನಮ್ಮ ಡಾಕ್ಟರ್ ಸಾಹೇಬರು ತಿಳಿಸಿ ಹೇಳಿದರು. ಪುಣ್ಯಕ್ಕೆ ಅವನಿಗೆ ಹಾಗೇನೂ ಆಗಿರಲಿಲ್ಲ.

ಮರುದಿನ ಸ್ಟಾಪ್‌ವಾಚನ್ನು ಪೆಟ್ಟಿಗೆಯಲ್ಲಿಟ್ಟು ಒಂದು ಉದ್ದ ರಿಜಿಸ್ಟರ್ ತೆರೆದೆ. ಬೆಳಿಗ್ಗೆ ಎಚ್ಚರವಾದೊಡನೆ, ಮಂಚದಿಂದ ಇಳಿಯುವ ಮೊದಲೇ, ಪ್ರತಿಯೊಬ್ಬನೂ ತನ್ನ ನಾಡಿ ಎಣಿಸಿ ಬರೆಸಬೇಕು. ಹಿಂದಿನ ದಿನಗಳಿಗಿಂತ ಎಂಟು-ಹತ್ತು ಬಡಿತ ಹೆಚ್ಚಿದ್ದರೆ ಆ ದಿನ ಬರೀ ನಡಿಗೆ. ಸೋಂಕು ಬಂದುಹೋದವರು ಡಾಕ್ಟರ್ ಎದುರು ಆರು ನಿಮಿಷ ನಡೆದು, ಮೊದಲು ಮತ್ತು ಆಮೇಲೆ ಬೆರಳಿಗೆ ಆಕ್ಸಿಮೀಟರ್ ಹಚ್ಚಿ ತೋರಿಸಿ, ಅವರು ಒಪ್ಪಿದ ಮೇಲಷ್ಟೇ ಓಟದ ಗುಂಪಿಗೆ ಸೇರುತ್ತಿದ್ದರು. ಓಡುವಾಗ ಉಸಿರನ್ನು ಅಳೆಯಲು ಬೇರೆ ಯಂತ್ರ ಬೇಕಾಗಲಿಲ್ಲ, ನಮ್ಮ ರೆಜಿಮೆಂಟಿನ ಜೈಕಾರವೇ ಸಾಕಾಯಿತು. ಓಡುತ್ತಲೇ ಅದನ್ನು ಒಂದೇ ಉಸಿರಿನಲ್ಲಿ ಪೂರ್ತಿ ಕೂಗಲಾಗದವನು ಹಿಂದಿನ ಗುಂಪಿಗೆ ಹೋಗಬೇಕು. ಇದರಿಂದ ಹೆಚ್ಚು ತೊಂದರೆಪಟ್ಟವರು ದುರ್ಬಲರಲ್ಲ, ಕಂಪನಿಯ ಒಳ್ಳೆಯ ಓಟಗಾರರು. ಹಿಂದಿನ ಗುಂಪಿನಲ್ಲಿ ನಡೆಯುವುದು ಅವರಿಗೆ ಶಿಕ್ಷೆಯಂತೆ ಕಾಣುತ್ತಿತ್ತು. ಆಗಸ್ಟ್ 7ರಂದು ಟೋಕಿಯೊದಲ್ಲಿ ನಮ್ಮ ಸೇನೆಯವರೇ ಆದ ನೀರಜ್ ಚೋಪ್ರಾ 87.58 ಮೀಟರ್ ಎಸೆದು ಚಿನ್ನ ಗೆದ್ದ ಮೇಲಂತೂ ಯಾರನ್ನೂ ಹಿಡಿದು ನಿಲ್ಲಿಸುವಂತಿರಲಿಲ್ಲ; ಆ ವಾರ ರಿಜಿಸ್ಟರಿನಲ್ಲಿ ಬೆಳಗಿನ ನಾಡಿಗಳೆಲ್ಲ ಏರಿಯೇ ಇದ್ದವು.

ಎರಡು ತಿಂಗಳಲ್ಲಿ ಉಸಿರು ಮರಳಿತು, ಕಾಲು ಮರಳಲಿಲ್ಲ. ಎದೆಗೂಡು ತಯಾರಾದಷ್ಟು ಬೇಗ ಮೂಳೆ, ಸ್ನಾಯುರಜ್ಜುಗಳು ತಯಾರಾಗುವುದಿಲ್ಲವೆಂಬುದನ್ನು ಕೋರ್ಸ್‌ನಲ್ಲಿ ಓದಿದ್ದರೂ ಕಣ್ಣಾರೆ ಕಂಡದ್ದು ಆಗಲೇ. ಮೊಣಕಾಲ ಕೆಳಗಿನ ಮುಂಗಾಲೆಲುಬಿನ ನೋವೆಂದು ಒಂದೇ ವಾರ ಏಳು ಮಂದಿ ಬಂದರು. ಡಾಂಬರು ರಸ್ತೆ ಬಿಟ್ಟು ಹುಲ್ಲಿನ ಮೇಲೆ ಓಡಿಸಿದೆ, ಮೊದಲು ಪಿ.ಟಿ. ಶೂ, ಮೂರು ವಾರದ ಮೇಲೆ ಬೂಟು, ಆಮೇಲೆ ಖಾಲಿ ಪಿಟ್ಟು (ಬೆನ್ನಚೀಲ), ನಂತರ ತೂಕ, ಎಲ್ಲಕ್ಕೂ ಕೊನೆಗೆ ರೈಫಲ್ ಎಂದು ಕ್ರಮ ಹಾಕಿದೆ.

ಹಗ್ಗದ ವಿಷಯ ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅಂಗೈಯ ಜಡ್ಡು ವರ್ಷವಿಡೀ ಹಗ್ಗ ಹಿಡಿಯದೆ ಕರಗಿಹೋಗಿತ್ತು; ಹಗ್ಗವೋ ಎರಡು ಮಳೆಗಾಲ ನೆನೆದು ಒಣಗಿ ತೆಂಗಿನ ನಾರಿನಷ್ಟು ಒರಟಾಗಿತ್ತು. ಮೊದಲ ದಿನ ಇಳಿಯುವಾಗ ಜಾರಿದವನೊಬ್ಬನ ಎರಡೂ ಅಂಗೈ ಸಿಪ್ಪೆ ಸುಲಿದಂತಾಯಿತು. ಅಂದಿನಿಂದ ಹಗ್ಗ ಏರುವ ಬದಲು ಕಬ್ಬಿಣದ ಅಡ್ಡಕಂಬಿ ಹಿಡಿದು ಹತ್ತು ಸೆಕೆಂಡ್, ಇಪ್ಪತ್ತು ಸೆಕೆಂಡ್ ಜೋತುಬೀಳುವುದನ್ನೇ ಮೂರು ವಾರ ಮಾಡಿಸಿದೆ.

ಆಟಗಳಲ್ಲಿ ವಾಲಿಬಾಲ್ ಮೊದಲು ಬಂತು, ನಡುವೆ ನೆಟ್ ಇರುವ ಕಾರಣಕ್ಕೆ. ಕಬಡ್ಡಿಯನ್ನು ಅಕ್ಟೋಬರ್‌ವರೆಗೂ ತಡೆಹಿಡಿದೆ. ಮೈಗೆ ಮೈ ತಾಗುತ್ತದೆ ಎಂಬುದೊಂದೇ ಕಾರಣವಲ್ಲ. ಉಸಿರು ಕಟ್ಟಿ ಎದುರಾಳಿಗಳ ಅಂಕಣದಲ್ಲಿ ಒದ್ದಾಡುವುದು ಹೃದಯಕ್ಕೆ ಕೊಡುವ ಹೊರೆ ಓಟಕ್ಕಿಂತ ಬೇರೆ ಬಗೆಯದು. ಕೊನೆಗೂ ಅಂಕಣಕ್ಕೆ ಸುಣ್ಣದ ಗೆರೆ ಎಳೆದ ಸಂಜೆ ಆ ಲ್ಯಾನ್ಸ್ ನಾಯಕನೇ ಮೊದಲ ರೈಡ್‌ಗೆ ಹೋದ.

ಡಿಸೆಂಬರ್‌ನಲ್ಲಿ ಬಿ.ಪಿ.ಇ.ಟಿ., ಅಂದರೆ ಯುದ್ಧಕ್ಕೆ ಬೇಕಾದ ದೈಹಿಕ ಸಾಮರ್ಥ್ಯದ ಪರೀಕ್ಷೆ, ನಡೆಯಿತು: ರೈಫಲ್, ಪಿಟ್ಟು ಸಮೇತ 5 ಕಿಲೋಮೀಟರ್ ಓಟ, 60 ಮೀಟರ್ ಸ್ಪ್ರಿಂಟ್, ನೇರ ಹಗ್ಗ, ಅಡ್ಡ ಹಗ್ಗ, 9 ಅಡಿ ಹಳ್ಳ. ಲ್ಯಾನ್ಸ್ ನಾಯಕ 25 ನಿಮಿಷದೊಳಗೆ ಬಂದ. ಓಟದಲ್ಲಿ ಉಳಿದುಹೋದವನು ಸೋಂಕೇ ತಗಲದ, ಬ್ಯಾರಕ್ಕಿನ ದಿನಗಳಲ್ಲಿ ಲಂಗರಿನ (ಪಲ್ಟನ್ನಿನ ಅಡುಗೆಮನೆಯ) ಪೂರಿಗೆ ಎಂದೂ ಬೇಡ ಎನ್ನದ ನಮ್ಮ ಸ್ಟೋರ್‌ಮನ್. ಜನವರಿಯಲ್ಲಿ ಅವನ ಮರುಪರೀಕ್ಷೆಗೆ ನಾನೂ ಪಕ್ಕದಲ್ಲೇ ಓಡಿದೆ. ಕೊನೆಯ ಕಿಲೋಮೀಟರಿನಲ್ಲಿ ಜೈಕಾರ ಕೂಗೆಂದೆ. ಅರ್ಧ ಕೂಗಿ, ಉಳಿದರ್ಧವನ್ನು ಗೆರೆ ದಾಟಿದ ಮೇಲೆ ಕೂಗಿದ.